ಕಿಟಕಿ ಜಾಳಿಗಿ ಲಾರಿ ಮೂತಿಗೆ

ರಾತ್ರಿ ಎರಡೂವರಿಗೆ ಕಿವ್ಯಾಗ ಸೊಳ್ಳಿ ಗುಂಯ್ ಅಂತು, ಎದ್ದು ಲೈಟ್ ಹಾಕಿದೆ. ನಮ್ಮಾಕಿ ಕಣ್ಣು ಸುದ್ದಾ ತೆರೀಲಿಲ್ಲ, "ಲಾರಿಗೆ ಸೊಳ್ಳಿ ಕಡೀತಾವೇನ್ರಿ?" ಅಂತ ಕೇಳಿದ್ಲು. ಏನ್ ಹೇಳ್ಬೇಕು. ಮಲಗೋ ಕೋಣಿ ಕಿಟಕಿಗೆ ಹೊಡಸಾಕ ಅಂತ ನಾನ ತಂದ ಜಾಳಿಗಿ ಅದು, ಬಡಿಗ್ಯಾರು ಇವತ್ತು ಬರ್ತೀನಿ ನಾಳೆ ಬರ್ತೀನಿ ಅಂತ ಒಂದು ತಿಂಗಳು ಎಳದಿದ್ದಕ್ಕ ಸುರುಳಿ ಹಂಗ ಅಂಗಡಿ ಮೂಲ್ಯಾಗ ನಿಂತಿತ್ತು, ಅದನ್ನ ನಮ್ಮ ಡ್ರೈವರ್ ಚಾಚಾ ಎತ್ಕೊಂಡು ಎಂಜಿನ್ ತಣ್ಣಗಿಡೋ ರೇಡಿಯೇಟರಿಗೆ ಹುಳ ಹೋಗಬಾರದು, ಅದರ ಮುಂದ ಕಟ್ಟಬೇಕು ಅಂತ ಹೇಳಿ ಬೆಂಗಳೂರಿಗೆ ಅಕ್ಕಿ ಹೇರ್ಕೊಂಡು ಹೋಗಿಬಿಟ್ಟಾರ. ಲಾರಿ ಜಾಳಿಗಿ ಹಿಂದ ಆರಾಮ ಐತಿ, ನಾನು ಮೊಣಕಾಲು ಕೆರಕೋತ ಕುಂತೀನಿ.

ಹೆಂಗೂ ಕುಂತೀನಿ, ಬರದ ಬಿಡ್ತೀನಿ. ಈ ಜಾಳಿಗಿ ಲಾರಿ ಮೂತಿ ಗ್ರಿಲ್ಲಿನ ಹೊರಗ ಕಟ್ಟಬೇಕೋ ಒಳಗ ಕಟ್ಟಬೇಕೋ ಅನ್ನೋದು ಲಾರಿ ಮಂದ್ಯಾಗ ಮುಗೀಲಾರದ ಜಗಳ, ಇವತ್ತು ಅದರದ್ದು ಒಂದು ಇತ್ಯರ್ಥ ಮಾಡೇ ಮಲಗೋದು.

ನಂದು ಕೊಪ್ಪಳ ಜಿಲ್ಲಾ ಕಾರಟಗ್ಯಾಗ ಗೊಬ್ಬರದ ಅಂಗಡಿ, ಜೋಡಿಗೆ ಇದೊಂದು ಲಾರಿ. ಒಂದ ಲಾರಿ ಇದ್ದವಗ ಚಾಚಾ "ಸಾವ್ಕಾರ್ರೆ" ಅಂತಾರ, ಅದು ಮರ್ಯಾದಿನೋ ಚ್ಯಾಷ್ಟಿನೋ ಇಷ್ಟು ವರ್ಷ ಆದ್ರೂ ತಿಳಿದಿಲ್ಲ. 2011ರಾಗ ಸುಪ್ರೀಂ ಕೋರ್ಟು ಬಳ್ಳಾರಿ ಗಣಿ ಬಂದ್ ಮಾಡ್ಸಿದ ಮ್ಯಾಲೆ ಸಂಡೂರು ಹೊಸಪೇಟಿ ಕಡೆ ಅದಿರಿನ ಲಾರಿ ಕೆಲಸ ಇಲ್ದ ನಿಂತಿದ್ವಲ್ಲ, ಅದರಾಗಿನ ಒಂದು ಅಗ್ಗಕ್ಕ ಸಿಕ್ತು ಅಂತ ಹಿಡಕೊಂಡು ಬಂದಿದ್ದೆ. ಅಗ್ಗ ಅನ್ನೋದು ಬರೇ ಸುಳ್ಳು. ಮೊದಲ ಸಲ ರೇಡಿಯೇಟರ್ ತೊಳಸಿದಾಗ ಕುಂಕುಮ ಕದಡಿದಂಗ ಕೆಂಪು ನೀರು ಹರೀತು, ಎರಡನೇ ಸಲಾನೂ ಹರೀತು, ಮೂರನೇ ಸಲ ತೊಳಿಯೋ ಹುಡುಗ "ಅಣ್ಣಾ, ಸಂಡೂರು ಇನ್ನೂ ಖಾಲಿ ಆಗಿಲ್ಲ" ಅಂದ.

ಆದ್ರ ಧೂಳಿನ ಮಾತು ಬ್ಯಾರೆ, ಹುಳದ ಮಾತು ಬ್ಯಾರೆ. ಧೂಳು ನೀರಿಗೆ ಇಳೀತೈತಿ. ಹುಳ ರೇಡಿಯೇಟರಿನ ತೆಳ್ಳನ ತಗಡಿನ ಎಳಿ, ಅಂದ್ರ ಬಿಸಿ ಫಿನ್ಸ್ ನಡುವ ಸಿಕ್ಕು ಬೆಂದು ಅಂಟಿದ್ರ ಉಗುರಿಗೂ ಬರಂಗಿಲ್ಲ. ನಮ್ಮ ಕಡೆ ಹುಳ ಅಂದ್ರ ಜಿಗಿ ಹುಳ, ಭತ್ತದ ಬುಡದಾಗ ಕುಂತು ರಸ ಹೀರಿ ಬೆಳಿ ಸುಟ್ಟಂಗ ಮಾಡೋದು. ಅಕ್ಕಿಕಾಳಿಗಿಂತ ಸಣ್ಣದು, ಆದ್ರ ಲೈಟ್ ಕಂಡ್ರ ಜಾತ್ರಿಗೆ ಬಂದಂಗ ಬರ್ತಾವ. 2024ರ ಆಗಸ್ಟಿನ್ಯಾಗ ನಮ್ಮ ಭತ್ತಕ್ಕ ನೀರು ಕೊಡೋ ತುಂಗಭದ್ರಾ ಡ್ಯಾಮಿನ 33 ಗೇಟಿನ್ಯಾಗ 19ನೇದು ಚೈನ್ ಹರದು ಕೊಚ್ಕೊಂಡು ಹೋದಾಗ ಎಲ್ಲಾರೂ ಹೌಹಾರಿದ್ರು, ನಾನೂ ಹಾರಿದ್ದೆ, ಆದ್ರ ಭತ್ತ ಇಲ್ಲಂದ್ರ ಈ ವರ್ಷ ಹುಳಾನೂ ಇಲ್ಲ ಅಂತ ಒಳಗೊಳಗ ಒಂದು ಕೆಟ್ಟ ಸಮಾಧಾನ ಬಂದಿದ್ದು ಖರೆ. ವಾರದಾಗ ಗೇಟಿನ ಜಾಗಕ್ಕ ಸ್ಟಾಪ್‌ಲಾಗ್ ಅನ್ನೋ ಉಕ್ಕಿನ ತಡೆ ಇಳಿಸಿದ್ರು, ಡ್ಯಾಮ್ ಮತ್ತ ತುಂಬಿತು, ಭತ್ತ ಬಂತು, ಅದರ ಹಿಂದ ಅವೂ ಬಂದ್ವು.

ಆ ಕಾರ್ತೀಕದಾಗ ಒಂದಿನ ಸಂಜಿ ಏಳಕ್ಕ ಚಾಚಾ ಮಿಲ್ಲಿನಿಂದ ಲೋಡ್ ಮಾಡ್ಕೊಂಡು ಬಂದು ರೋಡ್ ಬಾಜೂಕ ಲಾರಿ ಹಚ್ಚಿ ವಗ್ಗರಣಿ ಮಿರ್ಚಿ ತಿಂದು ಹೊರಡ್ತೀನಿ ಅಂದ್ರು. ಎಂಜಿನ್ ಚಾಲೂ ಇತ್ತು, ಯಾಕಂದ್ರ ಸೆಲ್ಫ್ ಸ್ಟಾರ್ಟ್ ಕೈ ಕೊಡ್ತಿತ್ತು, ಸೆಲ್ಫ್ ರಿಪೇರಿ ನಾನು ಮುಂದಕ್ಕ ಹಾಕೋತ ಬಂದಿದ್ದೆ. ನಾನೂ ಒಂದು ಪ್ಲೇಟ್ ಹೇಳ್ದೆ. ಬಂಡಿ ಬಲ್ಬಿಗೆ ಹುಳ ಮುಕ್ಕುರದು ಎಣ್ಣಿ ಬಾಣಲ್ಯಾಗ ಚಿಟಿಚಿಟಿ ಉದುರಾಕ ಹತ್ತಿದ್ವು. ಬಂಡಿಯವ ಬಲ್ಬ್ ಆರಿಸಿದ. ಅವು ಪಟ್ಟನೆ ಎದುರಿಗಿನ ಮೊಬೈಲ್ ಅಂಗಡಿಗೆ ಹೋದ್ವು, ಅಲ್ಲಿ ಬಿಳಿ ಎಲ್‌ಇಡಿ, ಇನ್ನೂ ಛಲೋ. ಮೊಬೈಲ್ ಹುಡುಗ "ನಿಂದ ಆರಿಸಿ ನನ್ನ ಕಡೆ ಕಳಿಸ್ತೀಯಾ" ಅಂತ ಬೈಕೋತ ಅವನೂ ಆರಿಸಿದ. ಮುಂದಿನ ಪಾಳಿ ಸೀರಿ ಅಂಗಡಿದು. ಆ ಅಂಗಡಿಯವರು ಗಲ್ಲಾದಿಂದ ಜಿಗದು ಮೇನ್ ಸ್ವಿಚ್ಚೇ ಎಳದ್ರು, ಒಳಗ ಮದುವಿ ಸೀರಿ ನೋಡ್ತಿದ್ದ ಹೆಣಮಕ್ಕಳು ಕತ್ತಲ್ಯಾಗ ಒಬ್ಬರಿಗೊಬ್ಬರು "ಯವ್ವಾ ನನ್ನ ಚಪ್ಪಲಿ" ಅಂತ ಚೀರ್ತಿದ್ರು. ಆಮ್ಯಾಲೆ ಮೆಡಿಕಲ್, ಆಮ್ಯಾಲೆ ಬಳಿ ಅಂಗಡಿ. ಹತ್ತು ನಿಮಿಷದಾಗ ಇಡೀ ಸಾಲು ಕತ್ತಲ, ಉಳದಿದ್ದು ಎಟಿಎಂ ಒಂದ. ಅದನ್ನ ಆರಿಸೋ ಅಧಿಕಾರ ಯಾರಿಗೂ ಇಲ್ಲ, ಅದರ ಗಾಜಿನ ಬಾಗಲಾ ರವಾ ಅಂಟಿದ ಹೋಳಿಗಿ ಹಂಗ ಆಗಿತ್ತು, ಒಳಗ ಒಬ್ಬವ ರೊಕ್ಕ ತಗೊಂಡು ಹೊರಗ ಬರಾಕ ಹೆದರಿ ನಿಂತಿದ್ದ. ನಾವು ಕತ್ತಲ್ಯಾಗ ವಗ್ಗರಣಿ ತಿಂತಿದ್ವಿ. ಹಲ್ಲಿಗೆ ಏನೋ ಕಟುಮ್ ಅಂತು. ಸಾಸಿವಿ ಅಂದ್ಕೊಂಡೆ, ಈಗಲೂ ಹಂಗ ಅಂದ್ಕೊಂಡೀನಿ, ನೀವೂ ದಯಮಾಡಿ ಹಂಗ ಅಂದ್ಕೊಳ್ರಿ. ಬಂಡಿಯವ ಪ್ಲೇಟಿಗೆ ಐದು ರೂಪಾಯಿ ಕಡಿಮಿ ಮಾಡ್ತಾನೇನೋ ಅಂತ ನೋಡ್ದೆ, ಮಾಡಲಿಲ್ಲ.

ಎಟಿಎಂ ಒಂದ ಅಂದ್ನೆಲ್ಲ, ತಪ್ಪು. ಇನ್ನೊಂದು ಲೈಟ್ ಇತ್ತು, ನಮ್ಮ ಲಾರಿದು. ಚಾಚಾ ಹೆಡ್‌ಲೈಟ್ ಆರಿಸಿದ್ದಿಲ್ಲ. ಊರಿನ ಅರ್ಧ ಹುಳ ಲಾರಿ ಮೂತಿಗೆ, ಎಂಜಿನ್ ಚಾಲೂ, ಫ್ಯಾನ್ ಗಾಳಿ ಒಳಗ ಎಳಿಯೋದು ತನ್ನ ಕೆಲಸ ಅಂತ ಎಳೀತಾನ ಇತ್ತು.

ರಾತ್ರಿ ಹನ್ನೆರಡಕ್ಕ ಕೂಡ್ಲಿಗಿ ದಾಟಿ ಫೋನ್ ಬಂತು, "ಹೀಟಿನ ಮುಳ್ಳು ಕೆಂಪಿಗೆ ಹೊಂಟೈತ್ರಿ ಸಾವ್ಕಾರ್ರೆ." ಕ್ಲೀನರ್ ಹುಡುಗ ನೀರು ಹಾಕ್ತೀನಿ ಅಂತ ಬಿಸಿ ಬಿಸಿದಾಗ ರೇಡಿಯೇಟರ್ ಮುಚ್ಚಳಕ್ಕ ಕೈ ಹಾಕಿದ್ನಂತ, ಚಾಚಾ ರಟ್ಟಿಗೊಂದು ಕೊಟ್ಟು ಹಿಂದ ಎಳದಾರ, ಇಲ್ಲಂದ್ರ ಒತ್ತಡದಾಗಿದ್ದ ಕುದಿಯೋ ನೀರು ಮಕಕ್ಕ ಹಾರ್ತಿತ್ತು. ತಣ್ಣಗಾಗೋ ತನಕ ನಿಂತು, ಮತ್ತ ನಿಧಾನ ಹೋದ್ರು. ಬಾಡಿಗಿದಾಗ ಲೇಟ್ ಅಂತ ಕಟ್ ಆತು, ಅದನ್ನ ಇಲ್ಲಿ ಬರಿಯೂದಿಲ್ಲ, ಬರದ್ರ ಮತ್ತ ಬಿಪಿ ಏರ್ತೈತಿ.

ವಾಪಸ್ ಬಂದ ಮ್ಯಾಲೆ ಮೇಸ್ತ್ರಿ ಎಂಜಿನ್ನಿಗೆ ಹೋಗೋ ಗಾಳಿ ತಣ್ಣಗ ಮಾಡೋ ಇಂಟರ್‌ಕೂಲರ್ ಸರಿಸಿ ತೋರ್ಸಿದ್ರು. ಅದಕ್ಕೂ ಅದರ ಹಿಂದಿನ ರೇಡಿಯೇಟರಿಗೂ ನಡುವ ಹುಳ, ಹೊಟ್ಟು, ಹತ್ತಿ ಎಳಿ ಸೇರಿ ಕಂಬಳಿ ತುಂಡಿನಂತದ್ದು ಹೆಪ್ಪುಗಟ್ಟಿತ್ತು. ನಾನು ಮುಂದಿನಿಂದ ಪ್ರೆಶರ್ ಹೊಡಸ್ತಿದ್ದೆ. "ಮುಂದಿನಿಂದ ಹೊಡದ್ರ ಇನ್ನೂ ಒಳಗ ಹೋಗಿ ಕೂಡ್ತಾವ್ರಿ, ಫಿನ್ಸ್ ಬಾಗಿದ್ವಂದ್ರ ಗಾಳಿಗೆ ದಾರೀನ ಇರಂಗಿಲ್ಲ. ಸಾಬಾನ್ ನೀರಾಗ ನೆನಸಿ ಫ್ಯಾನ್ ಕಡೆಯಿಂದ ಮೆತ್ತಗ ಪೈಪ್ ಬಿಡ್ರಿ" ಅಂದ್ರು. ಅಷ್ಟಕ್ಕ ಸುಮ್ಮನಾಗ್ಬೇಕೋ ಬ್ಯಾಡೋ. "ನಿಮ್ಮಂಗಡಿ ಯೂರಿಯಾ ಉಂಡ ಹುಳಾನ ಇವು" ಅಂದ್ರು. ಸಿಟ್ಟು ಬಂತು. ಸಿಟ್ಟು ಯಾಕ ಬಂತಂದ್ರ ಮಾತು ಸುಳ್ಳಲ್ಲ. ಯೂರಿಯಾ ಹೆಚ್ಚಾದಷ್ಟು ಭತ್ತ ಕಪ್ಪು ಹಸರು ಆಗಿ ಮೆತ್ತಗಾಗ್ತೈತಿ, ಜಿಗಿ ಹುಳಕ್ಕ ಹಬ್ಬ, ಔಷಧಿ ಹೆಂಗ್‌ಬೇಕಂಗ ಹೊಡದ್ರ ಹುಳ ತಿನ್ನೋ ಜ್ಯಾಡ ಮೊದಲು ಸಾಯ್ತಾವ. ನಾನು ರೈತರಿಗೆ ಹೇಳ್ತೀನ್ರಿ. ಹೇಳಿ ಮುಗಿಸೋದರಾಗ ಅವರು "ಅದೆಲ್ಲ ಇರ್ಲಿ, ಇನ್ನೊಂದು 45 ಕೆಜಿ ಚೀಲ ಹಾಕು" ಅಂತಾರ, ನಾನು ಹಾಕ್ತೀನಿ.

ಅವತ್ತಿನಿಂದ ಜಾಳಿಗಿ ಪುರಾಣ. ಸಂದು ದೊಡ್ಡದಿದ್ರ ಹುಳ ತೂರ್ತಾವ, ಸಣ್ಣದಿದ್ರ ಗಾಳೀನೂ ತೂರಂಗಿಲ್ಲ, ಹುಳ ಜಾಳಿಗಿಗೇ ಮೆತ್ತಿ ಮತ್ತ ಮುಳ್ಳು ಏರ್ತೈತಿ, ಚಾ ಕುಡ್ಯಾಕ ನಿಂತಲ್ಲೆಲ್ಲ ಬಿಚ್ಚಿ ಝಾಡಿಸ್ಬೇಕು. ಕೇಳಿದವರೆಲ್ಲ ಒಂದೊಂದು ಹೇಳ್ತಾರ, ಸ್ವಂತ ಸೈಕಲ್ ಸುದ್ದಾ ಇಲ್ದ ನಮ್ಮ ಮಾವ ಎಲ್ಲಾರಿಗಿಂತ ಜೋರು.

ಇಷ್ಟು ಬರಿಯೋದರಾಗ ಮೂರೂವರಿ ಆತು. ತಡೀಲಾರದ ಚಾಚಾಗ ಫೋನ್ ಹಚ್ಚಿದೆ, ಹೆಂಗೂ ಗಾಡಿ ಮ್ಯಾಲೆ ಎಚ್ಚರ ಇರ್ತಾರ ಅಂತ. ನಿದ್ದಿಗಣ್ಣಾಗ ಎತ್ತಿದ್ರು.

"ಚಾಚಾ, ನಿದ್ದಿ ಕೆಡಿಸಿದ್ನೇನು? ಗಾಡಿ ಹೀಟ್ ಆತೇನು?"

"ಇಲ್ರಿ, ಮುಳ್ಳು ನಡುವ ಐತಿ. ತುಮಕೂರು ಹತ್ರ ಹಾಕಿ ಮಲಗೀನಿ."

"ಜಾಳಿಗಿ?"

"ಅರ್ಧ ಮುಂದ ಕಟ್ಟೀನ್ರಿ. ಉಳದಿದ್ದು ಕ್ಯಾಬಿನ್ ಕಿಟಕಿಗೆ. ಏನ್ ಸೊಳ್ಳಿ ಅಂತೀರಿ ಈ ಕಡೆ, ಈಗೀಗ ಒಂದೀಟು ಕಣ್ಣು ಹತ್ತಿತ್ತು."

ಫೋನ್ ಇಟ್ಟ ಮ್ಯಾಲೆ ನೆನಪಾತು, ಒಳಗ ಕಟ್ಯಾರೋ ಹೊರಗ ಕಟ್ಯಾರೋ ಕೇಳ್ಲೇ ಇಲ್ಲ. ನಮ್ಮಾಕಿ ಮಗ್ಗಲು ಬದಲಿಸಿ ಅಂದ್ಲು, "ಆ ಲೈಟ್ ಆರಸ್ರಿ ಮೊದಲು, ಹುಳ ಬರ್ತಾವ."