ದುಡ್ಡು ಫ್ನೂಗೆ, ಸಾಲ ನನಗೆ

ನವರಾತ್ರಿಯಲ್ಲಿ ಉಸ್ಲಿಗೆ ಅಂತ ನೆನೆಹಾಕಿದ್ದ ಕಡಲೆಕಾಳಲ್ಲಿ ಒಂದನ್ನು ನಮ್ಮ ಮೂರು ವರ್ಷದ ಮಗ ಮೂಗಿಗೆ ಏರಿಸಿಕೊಂಡ. ಡಲ್ಲಾಸಿನಲ್ಲಿ ರಾತ್ರಿ ಒಂಬತ್ತಕ್ಕೆ ಇನ್ನೆಲ್ಲಿಗೆ ಹೋಗೋದು, ಎಮರ್ಜೆನ್ಸಿಗೆ ಓಡಿದೆವು. ಎರಡೂವರೆ ಗಂಟೆ ಕಾಯಿಸಿದ ಮೇಲೆ ಬಂದ ಡಾಕ್ಟರು ನನ್ನ ಹೆಂಡತಿಗೆ, "ಇನ್ನೊಂದು ಹೊಳ್ಳೆ ಒತ್ತಿ ಹಿಡಿದು, ಅವನ ಬಾಯಿಗೆ ಬಾಯಿಟ್ಟು ಜೋರಾಗಿ ಊದಿ" ಅಂದರು. ಊದಿದಳು. ಕಾಳು ಟಪ್ ಅಂತ ಡಾಕ್ಟರ ಕೋಟಿನ ಮೇಲೆ ಬಿತ್ತು. ತಮಾಷೆಯಲ್ಲ, ಇದು ನಿಜವಾದ ಚಿಕಿತ್ಸೆ, 'ಮದರ್ಸ್ ಕಿಸ್' ಅಂತ ಹೆಸರು. ಬಿಲ್ಲಿನಲ್ಲಿ ಮಾತ್ರ 'ಮೂಗಿನಿಂದ ಹೊರಗಿನ ವಸ್ತು ತೆಗೆದದ್ದು, ಕೋಡ್ 30300' ಅಂತಿತ್ತು. ಊದಿದವಳಿಗೆ ಪಾಲು ಕೊಡಲಿಲ್ಲ.

ಕೌಂಟರಿನಲ್ಲಿ 150 ಡಾಲರ್ ಕೋಪೇ, ಅಂದರೆ ಇನ್ಶೂರೆನ್ಸ್ ಇದ್ದರೂ ನಾವೇ ಕೊಡಬೇಕಾದ ಪಾಲು, ಕಟ್ಟಿ ಬಂದೆವು. ತಿಂಗಳಾದ ಮೇಲೆ ಇನ್ಶೂರೆನ್ಸಿನವರ ಕಾಗದ. ಮೇಲೆ ದಪ್ಪಕ್ಷರದಲ್ಲಿ 'ಇದು ಬಿಲ್ ಅಲ್ಲ', ಕೆಳಗೆ 'ಆಸ್ಪತ್ರೆಗೆ 862 ಡಾಲರ್ ಕೊಟ್ಟಿದ್ದೇವೆ'. ಈ ಇಡೀ ಕಥೆಯಲ್ಲಿ ನಿಜ ಹೇಳಿದ ಕಾಗದ ಅದೊಂದೇ. ಫೈಲಿಗೆ ಸೇರಿಸಿ ಮರೆತೆ. ಆರು ತಿಂಗಳಿಗೆ ವಸೂಲಿ ಏಜೆನ್ಸಿಯ ಫೋನು ಬಂತು.

"ನೀವು ನೀವೇ ಅಂತ ಗೊತ್ತಾಗಬೇಕು, ಹುಟ್ಟಿದ ದಿನಾಂಕ ಹೇಳಿ."

"ಫೋನ್ ಮಾಡಿದ್ದು ನೀವಲ್ವಾ? ಮೊದಲು ಯಾಕೆ ಮಾಡಿದ್ರಿ ಹೇಳಿ."

"ಅದನ್ನು ನೀವು ನೀವೇ ಅಂತ ಗೊತ್ತಾದ ಮೇಲೆ ಹೇಳ್ತೀವಿ."

ಎಡವಟ್ಟಾಗಿದ್ದು ನನ್ನ ಹೆಸರಲ್ಲಿ. ನಮ್ಮ ಕಡೆಯ ಎಷ್ಟೋ ಜನರ ಹಾಗೆ ನನ್ನ ಪಾಸ್‌ಪೋರ್ಟಿನಲ್ಲಿ ಇರೋದು ಒಂದೇ ಹೆಸರು. ಅಮೆರಿಕದ ವೀಸಾದಲ್ಲಿ ಅದು ಸರ್‌ನೇಮ್ ಜಾಗಕ್ಕೆ ಹೋಗುತ್ತದೆ, ಖಾಲಿಯಾದ ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಬಂದು ಕೂರುತ್ತದೆ. ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ. ಇಲ್ಲಿನವರು ಅದನ್ನೇ ಹೆಸರು ಅಂದುಕೊಂಡು ಪ್ರೀತಿಯಿಂದ 'ಫ್ನೂ' ಅಂತ ಕರೆಯುತ್ತಾರೆ. ಆಸ್ಪತ್ರೆಯ ಕಂಪ್ಯೂಟರಿನಲ್ಲಿ ನಾನು ಇಬ್ಬರಾಗಿದ್ದೆ. ಕೌಂಟರಿನ ಹುಡುಗಿ ಇದ್ದ ಒಂದು ಹೆಸರನ್ನೇ ಎರಡು ಸಲ ಬರೆದು ಒಂದು ಖಾತೆ ತೆರೆದಿದ್ದಳು, ಇನ್ಶೂರೆನ್ಸ್ ಕಾರ್ಡ್ ನೋಡಿದ ಇನ್ನೊಬ್ಬರು ಫ್ನೂಗೆ ಬೇರೆ ಖಾತೆ ಮಾಡಿದ್ದರು. ದುಡ್ಡು ಅವನದಕ್ಕೆ ಹೋಯಿತು, ಬಾಕಿ ನನ್ನದರಲ್ಲಿ ಉಳಿಯಿತು. ಇಷ್ಟನ್ನೂ ನಾಲ್ಕನೇ ಸಲ ಫೋನ್ ಮಾಡಿದಾಗ ಒಬ್ಬಾಕೆ ಬಾಯ್ತಪ್ಪಿ ಹೇಳಿದಳು.

"ಹಾಗಾದ್ರೆ ಆ ಖಾತೆಯಲ್ಲಿ ಎಷ್ಟಿದೆ ನೋಡಿ" ಅಂದೆ.

"ಅದು ಬೇರೆಯವರ ಮಾಹಿತಿ, ರೋಗಿಗಳ ಮಾಹಿತಿ ಗುಟ್ಟಾಗಿಡೋ ಹಿಪಾ ಕಾನೂನು ಇದೆ, ಹೇಳೋ ಹಾಗಿಲ್ಲ. ಏನಿದ್ರೂ ಫ್ಯಾಕ್ಸ್ ಮಾಡಿ."

ರೋಬೋಟ್ ಕೈಯಲ್ಲಿ ಆಪರೇಷನ್ ಮಾಡಿಸುವ ಆಸ್ಪತ್ರೆಗೆ ಈಮೇಲ್ ಓದೋಕೆ ಬರಲ್ಲ!

ದೇವಸ್ಥಾನದಲ್ಲಿ ಸಿಕ್ಕ ಗೆಳೆಯ ಬುದ್ಧಿ ಹೇಳಿದ. ಫೋನಲ್ಲಿ ಜಗಳ ಆಡಬೇಡ ಮಾರಾಯ, ಅವರ ನೋಟಿಸ್ ಕೈಗೆ ಬಂದ 30 ದಿನದೊಳಗೆ ಸಾಲ ಒಪ್ಪಲ್ಲ ಅಂತ ಬರೆದು ಕಳಿಸು, ಪುರಾವೆ ಕೊಡೋ ತನಕ ಅವರು ವಸೂಲಿ ನಿಲ್ಲಿಸಬೇಕು, 1977ರ ಕಾನೂನು. ಬರೆದೆ, 'ಬಿಲ್ ಅಲ್ಲ'ದ ಕಾಗದದ ನಕಲು ಲಗತ್ತಿಸಿ ಸರ್ಟಿಫೈಡ್ ಮೇಲ್ ಮಾಡಿದೆ. ಪುರಾವೆ ಬಂತು. ಅದೇ ಬಿಲ್ಲು, ಮತ್ತೊಮ್ಮೆ ಪ್ರಿಂಟ್ ಹೊಡೆದದ್ದು.

500 ಡಾಲರಿನ ಒಳಗಿನ ಆಸ್ಪತ್ರೆ ಬಾಕಿಯನ್ನು 2023ರಿಂದ ಕ್ರೆಡಿಟ್ ರಿಪೋರ್ಟಿನಲ್ಲಿ, ಅಂದರೆ ನಮ್ಮ ಸಾಲದ ಜಾತಕದಲ್ಲಿ, ತೋರಿಸುವುದಿಲ್ಲವಂತೆ. ನಮ್ಮದು 862, ವರ್ಷ ತುಂಬಿದರೆ ತೋರಿಸಬಹುದು. ಎಷ್ಟೇ ಇದ್ದರೂ ತೋರಿಸಬಾರದು ಅಂತ 2025ರ ಜನವರಿಯಲ್ಲಿ ಸರ್ಕಾರ ನಿಯಮ ತಂದಿತ್ತು, ಜುಲೈನಲ್ಲಿ ನಮ್ಮದೇ ಟೆಕ್ಸಾಸಿನ ಫೆಡರಲ್ ಕೋರ್ಟು ಅದನ್ನು ಹೊಡೆದುಹಾಕಿತು. "ಸ್ವಲ್ಪ ಮೆತ್ತಗೆ ಊದಬೇಕಿತ್ತು ಕಣ್ರೀ, ಬಿಲ್ ಕಡಿಮೆ ಆಗ್ತಿತ್ತು" ಅಂದಳು ಹೆಂಡತಿ.

ಹೋದ ವಾರ ಒಂದೇ ದಿನ ಎರಡು ಲಕೋಟೆ ಬಂದವು. ಒಂದು ನನಗೆ, 862 ಡಾಲರ್ ಕಟ್ಟಿ ಅಂತ. ಇನ್ನೊಂದು ಆಸ್ಪತ್ರೆಯಿಂದ ಸನ್ಮಾನ್ಯ ಫ್ನೂ ಅವರಿಗೆ. ನಿಮ್ಮ ಖಾತೆಯಲ್ಲಿ 862 ಡಾಲರ್ ಹೆಚ್ಚುವರಿ ಇದೆ, ದಯವಿಟ್ಟು ಕರೆ ಮಾಡಿ.

ಮಾಡಿದೆ.

"ಹುಟ್ಟಿದ ದಿನಾಂಕ?" ಹೇಳಿದೆ.

"ಮೊದಲ ಹೆಸರು?"

"ಗೊತ್ತಿಲ್ಲ" ಅಂದೆ.

"ಸರಿಯಾಗಿದೆ ಸರ್" ಅಂದಳು.