ಆನೆ ಹಿಡಿಯುವವರು ಎಲ್ಲಿಂದ ಬರಬೇಕು?

ಹೊಸನಗರ, ತೀರ್ಥಹಳ್ಳಿ ಕಡೆ ಕಾಡಾನೆ ಕಾಣಿಸಿಕೊಂಡಾಗಲೆಲ್ಲ ಒಂದೇ ಕೂಗು: ‘ಹಿಡಿದು ಬೇರೆ ಕಡೆ ಬಿಡಿ’. ತೋಟ ಕಳಕೊಂಡವರ ಸಂಕಟ ನನಗೆ ಗೊತ್ತು, ನಮ್ಮದೂ ಅಡಿಕೆ ತೋಟವೇ. ಫಸಲಿಗೆ ಬಂದ ಮರ ಉರುಳಿದರೆ ಆ ಜಾಗದಲ್ಲಿ ಮತ್ತೊಂದು ಕೊನೆ ಬಿಡಲು ಐದಾರು ವರ್ಷ ಕಾಯಬೇಕು. ಆದರೆ ಹಿಡಿಯುವವರು ಯಾರು, ಆ ಕೆಲಸವನ್ನು ಎಲ್ಲಿ ಕಲಿತರು, ಇವರ ನಂತರ ಯಾರು ಅಂತ ಕೇಳಿದವರನ್ನು ನಾನು ಕಂಡಿಲ್ಲ.

ಅರಿವಳಿಕೆ ಬಂದೂಕು ಇದೆಯಲ್ಲ ಅನ್ನುತ್ತಾರೆ. ಬಂದೂಕಿನ ಕೆಲಸ ಸೂಜಿ ನಾಟಿದಲ್ಲಿಗೆ ಮುಗಿಯಿತು. ಮದ್ದು ಹತ್ತಲು ಹೊತ್ತು ಬೇಕು. ಅಷ್ಟರಲ್ಲಿ ಆನೆ ಹಳ್ಳ ದಾಟಿ, ಬಿದಿರು ಮೆಳೆ ನುಗ್ಗಿ ಎಲ್ಲೋ ಹೋಗಿರುತ್ತದೆ. ಹೆಜ್ಜೆ ಹಿಡಿದು ಬೆನ್ನು ಹತ್ತಬೇಕು. ಎದೆ ಊರಿ ಕುಸಿದರೆ ತನ್ನ ಭಾರಕ್ಕೇ ಅದಕ್ಕೆ ಉಸಿರು ಕಟ್ಟುತ್ತದೆ, ತಡಮಾಡದೆ ಪಕ್ಕಕ್ಕೆ ಹೊರಳಿಸಬೇಕು. ನಿಂತೇ ತೂಕಡಿಸುತ್ತಿದ್ದರೆ ಸಾಕಾನೆಗಳು ಎರಡೂ ಕಡೆಯಿಂದ ಒತ್ತಿ ನಿಲ್ಲುತ್ತವೆ, ಹಿಂಗಾಲಿಗೆ ಹಗ್ಗ ಹಾಕಲು ಮನುಷ್ಯ ಕೆಳಗಿಳಿಯುತ್ತಾನೆ. ಅರೆ ಎಚ್ಚರದ ಕಾಡಾನೆಯ ಕಾಲ ಬುಡದಲ್ಲಿ ಬಗ್ಗಿದವನ ಕೈಯಲ್ಲಿ ಆ ಹಗ್ಗ ಬಿಟ್ಟರೆ ಬೇರೇನೂ ಇರುವುದಿಲ್ಲ.

ಇದನ್ನು ಕಲಿಸುವ ಜಾಗ ನಮ್ಮ ಮಗ್ಗುಲಲ್ಲೇ ಇದೆ. ಗಾಜನೂರಿನ ಹತ್ತಿರ, ತುಂಗೆಯ ಹಿನ್ನೀರಿನ ದಡದ ಸಕ್ರೆಬೈಲು ಆನೆ ಬಿಡಾರ. ನಾವು ಅಲ್ಲಿಗೆ ಹೋಗುವುದು ಆನೆ ಸ್ನಾನ ನೋಡಲು, ಫೋಟೋ ತೆಗೆಯಲು. ನಾವು ಹೋಗುವ ಹೊತ್ತಿಗೆ ನಿಜವಾದ ಪಾಠ ಮುಗಿದಿರುತ್ತದೆ. ರಾತ್ರಿ ಮೇಯಲು ಬಿಟ್ಟ ಆನೆ ಕಾಲಿನ ಸರಪಳಿ ಎಳೆದುಕೊಂಡು ಕಾಡು ಸುತ್ತುತ್ತದೆ. ಬೆಳಗ್ಗೆ ಮಾವುತ, ಅವನ ಸಹಾಯಕ ಕಾವಾಡಿ ದರಗಿನ ಮೇಲೆ ಎಳೆದ ಗೆರೆ, ಸಿಗಿದ ಬಿದಿರು, ಲದ್ದಿಯ ಹಸಿ ನೋಡುತ್ತ ಹುಡುಕಿ ಹೋಗುತ್ತಾರೆ. ಮಳೆಗಾಲದಲ್ಲಿ ಗೆರೆ ಅಳಿಸಿರುತ್ತದೆ, ಆಗ ಆನೆಯ ಸ್ವಭಾವವೇ ದಾರಿ. ಅಪ್ಪನ ಹಿಂದೆ ಓಡಾಡಿ ಬೆಳೆದ ಹುಡುಗನಿಗೆ ಬರುವ ಈ ಕಣ್ಣು ಮೂರು ತಿಂಗಳ ತರಬೇತಿಗೆ ಬರುವುದಿಲ್ಲ.

ಹಳೆಯದೆಲ್ಲ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಹಳೇ ಮೈಸೂರಿನಲ್ಲಿ 1874ರಲ್ಲಿ ಬ್ರಿಟಿಷ್ ಅಧಿಕಾರಿ ಸ್ಯಾಂಡರ್ಸನ್ ಯಶಸ್ವಿಯಾಗಿ ಮಾಡಿಸಿದ ಖೆಡ್ಡಾ, ಕಾಕನಕೋಟೆಯಲ್ಲಿ 1971ರ ತನಕ ನಡೆಯಿತು. ಮರಿ, ಬಸುರಿ ಅನ್ನದೆ ಇಡೀ ಹಿಂಡನ್ನೇ ಬೆದರಿಸಿ ಕೂಡಿಹಾಕುವ ಆ ಪದ್ಧತಿ ನಿಂತದ್ದು ಪುಣ್ಯ. ಇನ್ನು ಹಂದಿಗೆಂದು ಬೇಲಿಗೆ ಬೈಕಿನ ಕ್ಲಚ್ ವೈರಿನ ಉರುಳು ಕಟ್ಟಿ, ‘ಇದೂ ನಮ್ಮ ಹಿರಿಯರ ಶಿಕಾರಿ ವಿದ್ಯೆ’ ಅನ್ನುವವರಿದ್ದಾರೆ. ಕಟ್ಟಿದವನು ಮನೆಯಲ್ಲಿ ಮಲಗಿರುತ್ತಾನೆ, ಸೊಂಟಕ್ಕೆ ತಂತಿ ಬಿಗಿದ ಚಿರತೆ ಬೆಳಗಿನ ತನಕ ಒದ್ದಾಡುತ್ತದೆ. ಇದರಲ್ಲಿ ಯಾವ ವಿದ್ಯೆಯೂ ಇಲ್ಲ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಉರುಳು ಇಡುವುದೂ ಬೇಟೆಯೇ.

2023ರ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರು ಕಡೆ ಕಾರ್ಯಾಚರಣೆಯಲ್ಲಿ ಕಾಡಾನೆಯೊಂದಿಗೆ ಕಾದಾಡಿ ಸಾಕಾನೆ ಅರ್ಜುನ ಸತ್ತ. ಎಂಟು ಸಲ ದಸರಾ ಅಂಬಾರಿ ಹೊತ್ತವನು ಅಂತ ನಾಡೇ ಅತ್ತಿತು, ನಾನೂ ಅತ್ತೆ. ಆ ಕಾಡಿನಲ್ಲಿ ಆವತ್ತು ಮನುಷ್ಯರೂ ಇದ್ದರು. ಅಂಥ ಕೆಲಸಕ್ಕೆ ಮತ್ತೆ ಮತ್ತೆ ಹೋಗುವವರಿಗೆ ಕಾಯಂ ನೌಕರಿ ಬೇಕು, ಒಳ್ಳೆಯ ವಿಮೆ ಬೇಕು, ಮಕ್ಕಳನ್ನು ಓದಿಸುವಷ್ಟು ಸಂಬಳ ಬೇಕು. ಹಿರಿಯ ಮಾವುತರಿಗೆ ಗೊತ್ತಿರುವುದನ್ನು ಅವರ ಬಾಯಿಂದಲೇ ಕೇಳಿ ದಾಖಲಿಸಬೇಕು. ಆನೆಯನ್ನು ಹಿಡಿಯಬೇಕೋ, ಸುಮ್ಮನೆ ದಾರಿ ಬಿಡಬೇಕೋ ಅನ್ನುವ ಸಭೆಯಲ್ಲಿ ಅವರಿಗೂ ಒಂದು ಕುರ್ಚಿ ಹಾಕಬೇಕು. ಸಾಗಿಸಿದ ಆನೆ ಎಷ್ಟೋ ಸಲ ವಾಪಸ್ ಬರುತ್ತದೆ ಅನ್ನುವುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಮುಂದಿನ ಸಲ ಊರಿನವರು ‘ಆನೆ ಹಿಡಿಯಿರಿ’ ಅಂತ ಮನವಿ ಬರೆಯುವಾಗ, ಮಾವುತ ಮತ್ತು ಕಾವಾಡಿಗಳ ನೇಮಕಾತಿ, ಸಂಬಳದ ಬೇಡಿಕೆಯನ್ನೂ ಅದರಲ್ಲಿ ಸೇರಿಸಿ ಅಂತ ಕೇಳುತ್ತೇನೆ. ನಿಮ್ಮೂರಲ್ಲೂ ಸೇರಿಸಿ.