ಕೊಯ್ಲು ಮುಗಿದ ಮೇಲೆ ಹೋಗಿ

ಶರತ್ಕಾಲ ಬಂತೆಂದರೆ ವೈನರಿಗಳಲ್ಲಿ ಪಿಕ್ನಿಕ್ ಮಾಡಿದವರ ಚಿತ್ರಗಳು ಒಂದರ ಹಿಂದೊಂದು ಕಣ್ಣಿಗೆ ಬೀಳತೊಡಗುತ್ತವೆ. ಹೊಂಬಣ್ಣಕ್ಕೆ ತಿರುಗಿದ ಎಲೆಗಳು, ಅವುಗಳ ನಡುವೆ ಮಾಗಿ ಕಪ್ಪಾದ ಗೊಂಚಲುಗಳು, ಕೆಳಗೆ ಬಿಳಿಯ ಹಾಸು, ಅದರ ಮೇಲೊಂದು ಬೆತ್ತದ ಬುಟ್ಟಿ, ಪಕ್ಕದಲ್ಲಿ ಉದ್ದ ಕಾಲಿನ ಗಾಜಿನ ಲೋಟಗಳು. ಎರಡು ವರ್ಷಗಳ ಹಿಂದೆ ಇಂತಹದ್ದೇ ಒಂದು ಚಿತ್ರವನ್ನು ಮನಸ್ಸಿನಲ್ಲಿ ಇಟ್ಟುಕೊಂಡು, ಅದರಲ್ಲಿದ್ದ ಪ್ರತಿಯೊಂದು ವಸ್ತುವನ್ನೂ ಹುಡುಕಿ ಹೊಂದಿಸಿ, ಎಂಟು ಮಂದಿಯನ್ನು ಕರೆದುಕೊಂಡು ನಾನೂ ಹೋಗಿದ್ದೆ. ಆ ಮಧ್ಯಾಹ್ನ ಪಟ್ಟ ಪಾಡೇ ಈ ಬರಹಕ್ಕೆ ಕಾರಣ.

ನಾವು ಹೋದದ್ದು ಕೊಯ್ಲಿನ ನಟ್ಟನಡುವಿನ ವಾರದಲ್ಲಿ. ನಾವು ಹಾಸು ಹರಡಿದ ಜಾಗದ ಪಕ್ಕದ ಮಣ್ಣುದಾರಿಯಲ್ಲಿ ದ್ರಾಕ್ಷಿ ತುಂಬಿದ ಟ್ರ್ಯಾಕ್ಟರ್ ಮತ್ತೆ ಮತ್ತೆ ಓಡಾಡುತ್ತಿತ್ತು, ಪ್ರತಿ ಸಲವೂ ಎದ್ದ ಧೂಳು ನಿಧಾನವಾಗಿ ತೇಲಿ ಬಂದು ಚೀಸಿನ ಮೇಲೆ ಕೂರುತ್ತಿತ್ತು. ಹಕ್ಕಿಗಳು ತಿನ್ನದಂತೆ ಬಳ್ಳಿಗಳಿಗೆ ಬಲೆ ಹೊದಿಸಿದ್ದರಿಂದ ಗೊಂಚಲುಗಳು ಸರಿಯಾಗಿ ಕಾಣಿಸಲೇ ಇಲ್ಲ. ನೆರಳಿನ ಹುಲ್ಲಿನಲ್ಲಿ ಉಳಿದಿದ್ದ ಇಬ್ಬನಿ ಅರ್ಧ ಗಂಟೆಯೊಳಗೆ ಬಿಳಿ ಬಟ್ಟೆಯನ್ನು ದಾಟಿ ಕುಳಿತವರ ಉಡುಪಿಗೆ ಇಳಿಯಿತು. ನೆಲ ತುಸು ಇಳಿಜಾರಾಗಿದ್ದುದು ಗಮನಕ್ಕೆ ಬಂದದ್ದು ಮೊದಲ ಲೋಟ ಉರುಳಿದಾಗ. ಕೆಂಪು ವೈನಿನ ಕಲೆ ಮೊದಲು ಅಂಗೈಯಗಲ ಇತ್ತು, ನಾವು ಒರೆಸಲು ಬಟ್ಟೆ ಹುಡುಕುವಷ್ಟರಲ್ಲಿ ತಟ್ಟೆಯಗಲ ಆಯಿತು. ಜೊತೆಗೆ ಕಣಜಗಳು. ಅವುಗಳಲ್ಲೊಂದು ನನ್ನ ಲೋಟದ ಅಂಚಿನ ಮೇಲೆ ಒಂದು ಸುತ್ತು ನಡೆದು, ಒಳಗೆ ಇಣುಕಿ, ಕೊನೆಗೆ ವೈನಿನಲ್ಲಿಯೇ ಬಿದ್ದಿತು. ಚಿತ್ರ ಮಾತ್ರ ಚೆನ್ನಾಗಿ ಬಂದಿತ್ತು, ಆ ಮಾತು ಬೇರೆ.

ಆಮೇಲೆ ಯೋಚಿಸಿದಾಗ ತಿಳಿದದ್ದು ಇಷ್ಟು: ನಾನು ಯೋಜನೆಯನ್ನು ತುದಿಯಿಂದ ಹಿಡಿದಿದ್ದೆ. ಹಾಸು, ಹೂವು, ಲೋಟಗಳನ್ನು ಮೊದಲು ಆರಿಸಿ, ದಿನ ಮತ್ತು ಹೊತ್ತನ್ನು ಕೊನೆಗೆ ಅವಕ್ಕೆ ಹೊಂದಿಸಿದ್ದೆ. ವೈನರಿ ಒಂದು ಉದ್ಯಾನವನವಲ್ಲ, ಅದು ಹೊಲವೂ ಕಾರ್ಖಾನೆಯೂ ಸೇರಿದ ಕೆಲಸದ ಜಾಗ, ಮತ್ತು ನಾವು ಸೊಗಸು ಹುಡುಕಿಕೊಂಡು ಹೋಗುವ ಋತುವೇ ಅಲ್ಲಿನ ವರ್ಷದ ಅತ್ಯಂತ ಬಿಡುವಿಲ್ಲದ ಋತು. ಮದುವೆ ಮನೆಯ ಅಡುಗೆಕೋಣೆಯೊಳಗೆ ಹೋಗಿ ನಡುವೆ ಚಾಪೆ ಹಾಸಿ ಕುಳಿತವರಂತೆ ನಾವು ಅಂದು ಕುಳಿತಿದ್ದೆವು.

ಶರತ್ಕಾಲ ಎಂಬುದು ದ್ರಾಕ್ಷಿತೋಟದಲ್ಲಿ ಒಂದು ಋತುವಲ್ಲ, ಎರಡು. ಉತ್ತರಾರ್ಧಗೋಳದಲ್ಲಿ ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ, ದಕ್ಷಿಣಾರ್ಧಗೋಳದಲ್ಲಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬಹುಪಾಲು ಕೊಯ್ಲು ನಡೆಯುತ್ತದೆ. ಆ ಹೊತ್ತಿನಲ್ಲಿ ಬಳ್ಳಿ ಹಣ್ಣಿಗೆ ಸಕ್ಕರೆ ತುಂಬುತ್ತಿರುತ್ತದೆ, ಆದ್ದರಿಂದ ಎಲೆಗಳು ಇನ್ನೂ ಹಸಿರಾಗಿಯೇ ದುಡಿಯುತ್ತಿರುತ್ತವೆ. ಹಣ್ಣು ಇಳಿದ ಮೇಲೆ, ರಾತ್ರಿಗಳು ತಣ್ಣಗಾಗುತ್ತ ಹೋದಂತೆ, ಎಲೆಯಲ್ಲಿನ ಹಸಿರು ದ್ರವ್ಯವಾದ ಕ್ಲೋರೋಫಿಲ್ ಒಡೆದುಹೋಗಿ, ಅದರ ಹಿಂದೆ ಅಡಗಿದ್ದ ಕ್ಯಾರೋಟಿನಾಯ್ಡ್‌ಗಳ ಹಳದಿ ಹೊರಗೆ ಕಾಣಿಸುತ್ತದೆ. ಅಂದರೆ ತುಂಬಿದ ಗೊಂಚಲು ಮತ್ತು ಹೊನ್ನಿನ ಎಲೆ ಎರಡೂ ಒಂದೇ ದಿನ ಒಂದೇ ಬಳ್ಳಿಯಲ್ಲಿ ಸಿಗುವುದು ಅಪರೂಪ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕು. ನನ್ನ ಮಟ್ಟಿಗೆ ಉತ್ತರ ಸ್ಪಷ್ಟವಾಗಿದೆ: ಕೊಯ್ಲು ಮುಗಿದು ಎರಡು ಮೂರು ವಾರ ಕಳೆದ ಮೇಲೆ ಹೋಗಬೇಕು. ಆಗ ದಾರಿಯಲ್ಲಿ ಧೂಳಿಲ್ಲ, ಬಲೆಗಳಿಲ್ಲ, ವೈನರಿಯವರಿಗೆ ನಿಮ್ಮೊಡನೆ ನಿಂತು ನಾಲ್ಕು ಮಾತಾಡುವಷ್ಟು ಪುರುಸೊತ್ತು ಇರುತ್ತದೆ. ಕೊಯ್ಲಿನ ಗದ್ದಲವನ್ನೇ ನೋಡಬೇಕು ಎನ್ನುವವರು ಖಂಡಿತ ನೋಡಲಿ, ಅದು ಬಹಳ ಚೆಂದದ ನೋಟ. ಆದರೆ ಅದನ್ನು ನಿಂತು ನೋಡಬೇಕು, ಅದರ ನಡುವೆ ಊಟಕ್ಕೆ ಕೂರಬಾರದು.

ದಿನ ನಿಶ್ಚಯಿಸುವ ಮೊದಲು ವೈನರಿಗೆ ಫೋನ್ ಮಾಡಿ ಕೇಳಲೇಬೇಕಾದ ಕೆಲವು ಮಾತುಗಳಿವೆ. ಹೊರಗಿನ ಊಟ ತರಬಹುದೇ ಎಂಬುದು ಮೊದಲನೆಯದು, ಏಕೆಂದರೆ ಕೆಲವು ಕಡೆ ತಮ್ಮದೇ ಅಡುಗೆಮನೆ ಇರುವುದರಿಂದ ಅದಕ್ಕೆ ಒಪ್ಪುವುದಿಲ್ಲ. ಹೊರಗಿನ ಮದ್ಯವನ್ನು ತರಬಹುದೇ ಎಂದು ಕೇಳುವ ಅಗತ್ಯವೇ ಇರಬಾರದು. ಪರವಾನಗಿಯ ನಿಯಮ ಹೇಗಾದರೂ ಇರಲಿ, ವೈನ್ ಮಾಡುವವರ ಮನೆಗೆ ಬೇರೆಯವರ ಬಾಟಲಿ ಹಿಡಿದು ಹೋಗುವುದು ಮರ್ಯಾದೆಯ ಕೆಲಸವಲ್ಲ. ಕೂರಲು ಯಾವ ಜಾಗ ಕೊಡುತ್ತಾರೆ, ಅಲ್ಲಿ ಮೇಜು ಇದೆಯೇ, ಶೌಚಾಲಯ ಎಷ್ಟು ದೂರ, ಮಳೆ ಬಂದರೆ ಒಳಗೆ ಕರೆದುಕೊಳ್ಳುತ್ತಾರೆಯೇ ಎಂದೂ ಕೇಳಿಕೊಳ್ಳಿ. ಬಳ್ಳಿಗಳ ಸಾಲಿನೊಳಗೆ ಕಾಲಿಡಬಹುದೇ ಎಂದು ಕೇಳುವುದನ್ನು ಮಾತ್ರ ಮರೆಯಬೇಡಿ. 1860ರ ದಶಕದಲ್ಲಿ ಫಿಲಾಕ್ಸೆರಾ ಎಂಬ ಸಣ್ಣ ಕೀಟ ಉತ್ತರ ಅಮೆರಿಕದಿಂದ ಫ್ರಾನ್ಸಿಗೆ ಬಂದು, ಬೇರುಗಳನ್ನು ಹಿಡಿದು, ಯುರೋಪಿನ ದ್ರಾಕ್ಷಿತೋಟಗಳ ಬಹುಭಾಗವನ್ನೇ ಒಣಗಿಸಿತು; ಅಮೆರಿಕದ ಬಳ್ಳಿಯ ಬೇರಿಗೆ ಯುರೋಪಿನ ಬಳ್ಳಿಯನ್ನು ಕಸಿಮಾಡಿದ ಮೇಲೆಯೇ ಅವು ಚೇತರಿಸಿಕೊಂಡವು. ಆ ಕೀಟ ಚಪ್ಪಲಿಗೆ ಅಂಟಿದ ಮಣ್ಣಿನಲ್ಲಿಯೂ ಒಂದು ತೋಟದಿಂದ ಇನ್ನೊಂದಕ್ಕೆ ಹೋಗಬಲ್ಲದು. ಹಿಂದಿನ ದಿನ ಇನ್ನೊಂದು ತೋಟ ಸುತ್ತಿದ ಬೂಟುಗಳನ್ನು ತೊಳೆಯದೆ ಹಾಕಿಕೊಂಡು ಹೋಗುವುದು ಸರಿಯಲ್ಲ ಎಂದು ನನಗೆ ಅನ್ನಿಸಿದ್ದು ಈ ಕತೆ ತಿಳಿದ ಮೇಲೆ.

ಹೊತ್ತಿನ ವಿಷಯದಲ್ಲಿ ಶರತ್ಕಾಲ ಮೋಸಗಾರ. ಮಧ್ಯಾಹ್ನದ ಬಿಸಿಲು ಬೇಸಿಗೆಯ ನೆನಪು ತರುತ್ತದೆ, ಸೂರ್ಯ ಗುಡ್ಡದ ಹಿಂದೆ ಸರಿದ ಕೂಡಲೇ ಶಾಲು ಬೇಕೆನ್ನಿಸುತ್ತದೆ. ಅನೇಕ ಹೆಸರಾಂತ ವೈನ್ ಪ್ರದೇಶಗಳಿರುವ 45 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ, ಹಗಲು ರಾತ್ರಿ ಹೆಚ್ಚುಕಡಿಮೆ ಸಮವಾಗುವ ಸೆಪ್ಟೆಂಬರ್ 22 ಅಥವಾ 23ರ ವಿಷುವದ ನಂತರದ ವಾರಗಳಲ್ಲಿ ಹಗಲು ದಿನಕ್ಕೆ ಸುಮಾರು 3 ನಿಮಿಷದಂತೆ ಕುಗ್ಗುತ್ತದೆ. ತಿಂಗಳು ಕಳೆಯುವಷ್ಟರಲ್ಲಿ ಒಂದೂವರೆ ಗಂಟೆ ಬೆಳಕು ಕೈಬಿಟ್ಟಿರುತ್ತದೆ. ಹಾಗಾಗಿ ನಾನು ಈಗ ಸೂರ್ಯಾಸ್ತದಿಂದ ಹಿಂದಕ್ಕೆ ಲೆಕ್ಕ ಹಾಕುತ್ತೇನೆ. ಸೂರ್ಯ ಮುಳುಗುವ ಒಂದು ಗಂಟೆ ಮೊದಲು ಎಲ್ಲವನ್ನೂ ಕಟ್ಟಿಟ್ಟಿರಬೇಕು, ಅದಕ್ಕೂ ಮೂರು ಗಂಟೆ ಮೊದಲು ಊಟ ಹರಡಿರಬೇಕು. ಬಂದ ಕೂಡಲೇ ನೆರಳು ಯಾವ ಕಡೆಗೆ ಸರಿಯುತ್ತದೆ ಎಂದು ನೋಡಿ, ಊಟಕ್ಕೆ ನೆರಳೂ ಬೆನ್ನಿಗೆ ಬಿಸಿಲೂ ಸಿಗುವಂತೆ ಕೂರುವುದು ಎರಡು ನಿಮಿಷದ ಕೆಲಸ.

ಊಟದ ವಿಷಯದಲ್ಲಿ ನನ್ನ ಅಭಿಪ್ರಾಯ ತುಸು ಗಟ್ಟಿಯಾಗಿಯೇ ಇದೆ: ಹತ್ತು ಬಗೆ ತಂದು ಎರಡನ್ನು ಕೆಡಿಸುವುದಕ್ಕಿಂತ ನಾಲ್ಕೇ ಬಗೆ ತಂದು ನಾಲ್ಕನ್ನೂ ಚೆನ್ನಾಗಿ ತಿನ್ನುವುದು ಮೇಲು. ಚಾಕು ಮತ್ತು ಮುಳ್ಳುಚಮಚ ಬೇಡದ, ತಣ್ಣಗಾದರೂ ರುಚಿ ಕೆಡದ, ಕೈಗೆ ಜಿಡ್ಡು ಅಂಟದ ಪದಾರ್ಥಗಳು ಬೇಕು. ಗಟ್ಟಿ ತೊಗಟೆಯ ಬ್ರೆಡ್, ಎರಡು ಬಗೆಯ ಚೀಸ್, ಹುರಿದ ಬಾದಾಮಿ, ಆ ಋತುವಿನ ಅಂಜೂರ ಅಥವಾ ಪೇರು ಇದ್ದರೆ ವೈನಿಗೆ ಮತ್ತೇನೂ ಬೇಕಾಗುವುದಿಲ್ಲ. ಕೆಂಪು ವೈನಿನೊಡನೆ ಚೀಸ್ ಹೊಂದುವುದಕ್ಕೆ ಕಾರಣವಿದೆ. ಆ ವೈನಿನಲ್ಲಿರುವ ಟ್ಯಾನಿನ್ ಎಂಬ ಒಗರು ಪದಾರ್ಥ ನಮ್ಮ ಜೊಲ್ಲಿನಲ್ಲಿರುವ ಪ್ರೋಟೀನುಗಳನ್ನು ಹಿಡಿದುಕೊಂಡು ಬಾಯಿ ಒಗರಾಗಿಸುತ್ತದೆ. ಚೀಸಿನ ಕೊಬ್ಬು ಮತ್ತು ಪ್ರೋಟೀನು ಆ ಒಗರನ್ನು ತಗ್ಗಿಸುತ್ತವೆ. ವಿನೆಗರ್ ಹೆಚ್ಚಾದ ಸಲಾಡ್ ಇದಕ್ಕೆ ತದ್ವಿರುದ್ಧ, ಅದರ ಹುಳಿಯ ಮುಂದೆ ಒಳ್ಳೆಯ ವೈನೂ ಸಪ್ಪೆಯಾಗಿಬಿಡುತ್ತದೆ. ಸಿಹಿತಿಂಡಿ ವೈನಿಗಿಂತ ಸಿಹಿಯಾಗಿದ್ದರೆ ಆ ವೈನ್ ಹುಳಿ ಎನ್ನಿಸುತ್ತದೆ, ಆದ್ದರಿಂದ ಕೇಕನ್ನು ಬಾಟಲಿಗಳು ಮುಗಿದ ಮೇಲೆ ಕಾಫಿಯೊಡನೆ ತೆಗೆಯುವುದು ಜಾಣತನ. ಚೀಸನ್ನು ತಿನ್ನುವ ಒಂದು ಗಂಟೆ ಮೊದಲು ತಂಪುಪೆಟ್ಟಿಗೆಯಿಂದ ಹೊರಗಿಟ್ಟರೆ ಪರಿಮಳ ಬಿಚ್ಚಿಕೊಳ್ಳುತ್ತದೆ. ಮಾಂಸ, ಮೊಟ್ಟೆ, ಕೆನೆ ಇರುವ ಪದಾರ್ಥಗಳಿಗೆ ಈ ಸಲುಗೆ ಸಲ್ಲದು. 4ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಉಷ್ಣತೆಯಲ್ಲಿ ಅವನ್ನು ಎರಡು ಗಂಟೆಗಿಂತ ಹೆಚ್ಚು ಇಡಬಾರದು.

ಇನ್ನು ವೈನ್. 750 ಮಿಲಿಲೀಟರಿನ ಒಂದು ಬಾಟಲಿಯಿಂದ 150 ಮಿಲಿಲೀಟರಿನ ಐದು ಲೋಟ ಬರುತ್ತದೆ. ಎಂಟು ಮಂದಿಯಲ್ಲಿ ಕಾರು ಓಡಿಸುವ ಇಬ್ಬರನ್ನು ಬಿಟ್ಟರೆ ಉಳಿದ ಆರು ಮಂದಿಗೆ ತಲಾ ಎರಡು ಲೋಟದ ಲೆಕ್ಕದಲ್ಲಿ ಮೂರು ಬಾಟಲಿ ಧಾರಾಳವಾಯಿತು. ಮೊದಲು ರುಚಿ ನೋಡುವ ಕೋಣೆಗೆ ಹೋಗಿ, ಅಲ್ಲಿ ಇಷ್ಟವಾದದ್ದನ್ನೇ ಕೊಂಡು ಹುಲ್ಲಿನ ಮೇಲೆ ಬಿಚ್ಚುವುದು ನನಗೆ ಹಿಡಿಸಿದ ಕ್ರಮ. ರುಚಿ ನೋಡಿದ್ದನ್ನು ಅಲ್ಲಿಟ್ಟಿರುವ ಪಾತ್ರೆಗೆ ಉಗುಳುವುದರಲ್ಲಿ ನಾಚಿಕೆಯ ಮಾತೇನೂ ಇಲ್ಲ, ವೈನ್ ಬಲ್ಲವರು ಮಾಡುವುದೂ ಅದನ್ನೇ. ಬಿಳಿ ವೈನ್ 8ರಿಂದ 12 ಡಿಗ್ರಿಯಲ್ಲಿ, ಕೆಂಪು ವೈನ್ 15ರಿಂದ 18 ಡಿಗ್ರಿಯಲ್ಲಿ ಚೆನ್ನ. ಬಾಟಲಿಯನ್ನು ಬರಿಯ ಐಸಿನಲ್ಲಿ ಹೂಳುವುದಕ್ಕಿಂತ ಐಸು ಮತ್ತು ನೀರು ಎರಡೂ ಇರುವ ಬಕೆಟ್ಟಿನಲ್ಲಿ ಇಟ್ಟರೆ ಬೇಗ ತಣ್ಣಗಾಗುತ್ತದೆ, ಏಕೆಂದರೆ ನೀರು ಗಾಜನ್ನು ಎಲ್ಲ ಕಡೆಯಿಂದಲೂ ಮುಟ್ಟುತ್ತದೆ. ಬಣ್ಣವಿಲ್ಲದ ಗಾಜಿನ ಬಾಟಲಿಯಲ್ಲಿ ಬರುವ, ನಸುಗೆಂಪಿನ ರೋಸೆ ವೈನನ್ನು ಬಿಸಿಲಿನಲ್ಲಿ ನಿಲ್ಲಿಸಿ ಚಿತ್ರ ತೆಗೆಯುವವರಿಗೆ ಒಂದು ಮಾತು. ಆ ಬೆಳಕು ವೈನಿನೊಳಗಿನ ರೈಬೋಫ್ಲೇವಿನ್ ಎಂಬ ವಿಟಮಿನ್ ಮೂಲಕ ಗಂಧಕದ ಸಂಯುಕ್ತಗಳನ್ನು ಹುಟ್ಟಿಸಿ, ಬೇಯಿಸಿದ ಕೋಸಿನಂತಹ ವಾಸನೆ ಬರಿಸಬಲ್ಲದು. ಚಿತ್ರಕ್ಕಾಗಿ ಖಾಲಿ ಬಾಟಲಿಯನ್ನು ಇಟ್ಟುಕೊಳ್ಳಿ!

ಸಾಮಾನುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿಳಿ ಹಾಸನ್ನು ನಾನು ಬಿಟ್ಟುಬಿಟ್ಟಿದ್ದೇನೆ. ಕೆಳಗೆ ನೀರು ಇಳಿಯದ ಶೀಟು, ಅದರ ಮೇಲೆ ಕಡುಬಣ್ಣದ ದಪ್ಪ ಜಮಖಾನ. ಉದ್ದ ಕಾಲಿನ ಲೋಟಗಳ ಬದಲಿಗೆ ಕಾಲಿಲ್ಲದ, ತಳ ಅಗಲವಾದ ಲೋಟಗಳು. ಮೊಣಕಾಲು ನೋವಿರುವ ಹಿರಿಯರೊಬ್ಬರು ಮೊದಲ ಸಲ ಮೂರು ಗಂಟೆ ನೆಲದ ಮೇಲೆ ಕುಳಿತು, ಏಳುವಾಗ ಇಬ್ಬರ ಕೈ ಹಿಡಿದುಕೊಳ್ಳಬೇಕಾಯಿತು, ಆದರೂ ಒಂದು ಮಾತೂ ಅನ್ನಲಿಲ್ಲ. ಅದು ನನಗೆ ಆ ವೈನಿನ ಕಲೆಗಿಂತ ಹೆಚ್ಚು ಚುಚ್ಚಿದ ಸಂಗತಿ. ಈಗ ಮಡಚುವ ಎರಡು ಕುರ್ಚಿಗಳು ಬುಟ್ಟಿಗಿಂತ ಮೊದಲು ಕಾರಿನೊಳಗೆ ಹೋಗುತ್ತವೆ. ಮೇಣದಬತ್ತಿ ಬೇಡವೇ ಬೇಡ, ಸುತ್ತಲೂ ಇರುವುದು ಒಣಗಿದ ಎಲೆಗಳು. ಕಾರ್ಕ್ ತೆಗೆಯುವ ಸ್ಕ್ರೂ ಎರಡು ಇರಲಿ, ಒಂದು ಸದಾ ಕಳೆದುಹೋಗುತ್ತದೆ.

ಕಣಜಗಳ ಕಾಟಕ್ಕೆ ಪೂರ್ಣ ಪರಿಹಾರ ನನಗಂತೂ ಸಿಕ್ಕಿಲ್ಲ. ಬೇಸಿಗೆಯ ಕೊನೆಯಲ್ಲಿ ಗೂಡಿನೊಳಗಿನ ಮರಿಹುಳುಗಳು ಕಡಿಮೆಯಾಗಿ, ಅವುಗಳಿಂದ ಸಿಗುತ್ತಿದ್ದ ಸಿಹಿರಸವೂ ನಿಂತುಹೋಗುವುದರಿಂದ ಬೆಳೆದ ಕಣಜಗಳು ಸಕ್ಕರೆಯನ್ನು ಹುಡುಕಿಕೊಂಡು ಅಲೆಯುತ್ತವೆ. ಲೋಟಗಳಿಗೆ ಮುಚ್ಚಳ, ಹಣ್ಣಿಗೆ ಬಲೆಯ ಕೊಡೆ, ಕೈಬೀಸದೆ ಸುಮ್ಮನಿರುವ ಸಹನೆ, ಇಷ್ಟೇ ಉಪಾಯ. ತಣ್ಣನೆಯ ವಾರಗಳಲ್ಲಿ ಅವುಗಳ ಸಂಖ್ಯೆ ತಾನಾಗಿಯೇ ಇಳಿಯುತ್ತದೆ, ಕೊಯ್ಲಿನ ನಂತರ ಹೋಗಿ ಎನ್ನುವುದಕ್ಕೆ ಅದೂ ಒಂದು ಕಾರಣ.

ಕಳೆದ ವರ್ಷ ಅದೇ ಎಂಟು ಮಂದಿ ಹಾಗೆಯೇ ಹೋದೆವು. ಬಳ್ಳಿಗಳು ಪೂರ್ತಿ ಹಳದಿಯಾಗಿದ್ದವು. ಅಂಗಳದಲ್ಲಿ ಒಬ್ಬರು ಕೊಯ್ಲಿನ ಕ್ರೇಟುಗಳನ್ನು ತೊಳೆದು ಬಿಸಿಲಿಗೆ ಬೋರಲು ಹಾಕುತ್ತಿದ್ದರು. ನಾವು ಎಲ್ಲವನ್ನೂ ಕಟ್ಟಿ ಹೊರಡುವಾಗ ಅವರು ಕೈ ಒರೆಸಿಕೊಂಡು ಬಂದು, ಸಾಲಿನ ಕೊನೆಯ ಬಳ್ಳಿಯಲ್ಲಿ ಕೊಯ್ಯದೆ ಬಿಟ್ಟಿದ್ದ ಒಂದು ಪುಟ್ಟ ಗೊಂಚಲನ್ನು ಕತ್ತರಿಸಿ ನಮ್ಮ ಕೈಗೆ ಕೊಟ್ಟರು. ಕಡಲೆಕಾಳಿಗಿಂತ ತುಸು ದೊಡ್ಡ ಹಣ್ಣು, ದಪ್ಪ ಸಿಪ್ಪೆ, ಬಾಯಿತುಂಬ ಬೀಜ, ಮತ್ತು ಅಂಗಡಿಯ ದ್ರಾಕ್ಷಿಯಲ್ಲಿ ನಾನೆಂದೂ ಕಾಣದಷ್ಟು ಸಿಹಿ. ಕುರ್ಚಿಯಲ್ಲಿ ಕುಳಿತಿದ್ದ ಆ ಹಿರಿಯರು ಬೀಜಗಳನ್ನು ಒಂದೊಂದಾಗಿ ಅಂಗೈಗೆ ಉಗುಳಿ, ಎಣಿಸಿ, ಇನ್ನೊಂದು ಹಣ್ಣಿಗೆ ಕೈಚಾಚಿದರು.